ಯುದ್ಧ ನಿಂತ ಮೇಲೆ ಎಂಥ ಸಂಧಿ? ಮೇಜಿಗೆ ಕೂರುವವರಿಗೊಂದು ಹೋಲಿಕೆ

ಬೆಂಗಳೂರಿನ ಶಾಲೆ ಕಾಲೇಜುಗಳಲ್ಲಿ ಅಣಕು ವಿಶ್ವಸಂಸ್ಥೆಯ ಅಧಿವೇಶನಗಳು ನಡೆಯುವುದು ಈಗ ಸಾಮಾನ್ಯ. ಯಾರಿಗೋ ಗೆದ್ದ ದೇಶದ ಕುರ್ಚಿ, ಇನ್ಯಾರಿಗೋ ಸೋತ ದೇಶದ ಕುರ್ಚಿ. ದೊಡ್ಡ ಯುದ್ಧವೊಂದು ಮುಗಿದಿದೆ ಎಂದುಕೊಂಡು ಸಂಜೆಯೊಳಗೆ ಒಪ್ಪಂದದ ಕರಡು ಸಿದ್ಧಪಡಿಸಬೇಕು. ಇಂಥ ಅಧಿವೇಶನಗಳಿಗೆ ವಿದ್ಯಾರ್ಥಿಗಳನ್ನು ಸಜ್ಜುಗೊಳಿಸುವ ಕೆಲಸ ನನ್ನದು. ಅವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: "ಮೇಡಂ, ಸೋತವರಿಂದ ಎಷ್ಟು ವಸೂಲು ಮಾಡಬಹುದು?" ಪ್ರಶ್ನೆ ಸಹಜವಾದದ್ದು. ಆದರೆ ಅಲ್ಲಿಂದ ಶುರುಮಾಡಿದ ಕರಡುಗಳು ಹೆಚ್ಚು ಕಾಲ ಬಾಳಿದ ಉದಾಹರಣೆ ಇತಿಹಾಸದಲ್ಲಿ ವಿರಳ. ಆ ವಿದ್ಯಾರ್ಥಿಗಳಿಗಾಗಿ, ಜೊತೆಗೆ ಉಕ್ರೇನ್‌ನ ಸುದ್ದಿಯನ್ನೋ ಗಾಜಾದ ಸುದ್ದಿಯನ್ನೋ ಓದಿ ಇದು ಹೇಗೆ ಮುಗಿದೀತು ಎಂದು ಕೊರಗುವ ಎಲ್ಲರಿಗಾಗಿ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಯಾವುದೇ ಸಂಧಿಯನ್ನು ತೂಗಲು ನಾನು ಎರಡು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ಒಪ್ಪಂದ ಮುರಿದರೆ ಕಳೆದುಕೊಳ್ಳುವಂಥದ್ದೇನಾದರೂ ಸೋತವರ ಕೈಯಲ್ಲಿ ಉಳಿದಿದೆಯೇ? ಅವರು ಮುರಿಯಲು ಹೊರಟರೆ ತಡೆಯುವವರು ಯಾರು, ಆ ಖರ್ಚನ್ನು ಹೊರುವವರು ಯಾರು? ಎರಡರಲ್ಲಿ ಒಂದಕ್ಕಾದರೂ ಗಟ್ಟಿ ಉತ್ತರವಿದ್ದರೆ ಸಂಧಿ ಕೆಲವು ಕಾಲ ನಿಲ್ಲುತ್ತದೆ. ಎರಡಕ್ಕೂ ಇದ್ದರೆ ಒಂದೆರಡು ತಲೆಮಾರು ದಾಟುತ್ತದೆ. ಎರಡಕ್ಕೂ ಇಲ್ಲದಿದ್ದರೆ ಮುಂದಿನ ಯುದ್ಧಕ್ಕೆ ದಿನ ಗೊತ್ತುಮಾಡಿದಂತೆಯೇ.

ಮೈಸೂರು ಸೀಮೆಯ ನಾಲ್ಕು ಮುಕ್ತಾಯಗಳು

ನೆಪೋಲಿಯನ್ ಯುದ್ಧಗಳ ನಂತರದ ವಿಯೆನ್ನಾ, ಮೊದಲನೇ ಮಹಾಯುದ್ಧದ ನಂತರದ ವರ್ಸೇಲ್ಸ್ ಎಂದು ಶುರುಮಾಡುವ ಮುನ್ನ ವಿದ್ಯಾರ್ಥಿಗಳನ್ನು ನಾನು ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿಯ ಕೋಟೆಗೆ ಕಳಿಸುತ್ತೇನೆ. ಅಲ್ಲಿ ಉಳಿದಿರುವ ಗೋಡೆಯಲ್ಲಿ ಒಂದು ಕಲ್ಲಿನ ಹಲಗೆಯಿದೆ. 1791ರ ಮಾರ್ಚ್ 21ರಂದು ಬ್ರಿಟಿಷರ ದಾಳಿ ಇದೇ ಬಿರುಕಿನ ಮೂಲಕ ನಡೆಯಿತು ಎಂದು ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಗೆದ್ದವರು ಬರೆಸಿದ ಹಲಗೆ ಅದು. ಒಳಗೆ ಸತ್ತ ಕಿಲ್ಲೇದಾರ ಬಹಾದುರ್ ಖಾನನ ಹೆಸರು ಅದರಲ್ಲಿಲ್ಲ.

ಮೈಸೂರಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡೆದದ್ದು ನಾಲ್ಕು ಯುದ್ಧಗಳು. ಅವು ಮುಗಿದ ಬಗೆಯೂ ನಾಲ್ಕು. ಜಗತ್ತಿನ ದೊಡ್ಡ ದೊಡ್ಡ ಸಂಧಿಗಳ ಅಚ್ಚು ಇಲ್ಲೇ, 1769ರಿಂದ 1799ರ ಮೂವತ್ತು ವರ್ಷಗಳಲ್ಲಿ ಸಿಗುತ್ತದೆ.

1769ರಲ್ಲಿ ಹೈದರಾಲಿ ಮದರಾಸಿನ ಹತ್ತಿರದವರೆಗೆ ಕುದುರೆ ಓಡಿಸಿದ. ಕಂಪನಿ ಬೆದರಿ ಒಪ್ಪಂದಕ್ಕೆ ಬಂತು. ಗೆದ್ದ ಜಾಗಗಳನ್ನು ಪರಸ್ಪರ ಹಿಂದಿರುಗಿಸುವುದು, ಮೂರನೆಯವರು ಮೇಲೆ ಬಿದ್ದರೆ ಒಬ್ಬರಿಗೊಬ್ಬರು ನೆರವಾಗುವುದು ಎಂದು ಬರೆದುಕೊಂಡರು. ಸ್ವಲ್ಪ ದಿನದಲ್ಲೇ ಮರಾಠರು ಹೈದರನ ಮೇಲೆ ಬಿದ್ದರು. ಕಂಪನಿ ಬೆರಳು ಅಲ್ಲಾಡಿಸಲಿಲ್ಲ. ಆ ವಚನಭಂಗವನ್ನು ಹೈದರ್ ಮರೆಯಲಿಲ್ಲ, 1780ರಲ್ಲಿ ಮತ್ತೆ ಯುದ್ಧವಾಯಿತು. ಕಾಯುವವರಿಲ್ಲದ ವಚನದ ಕಥೆ ಇದು.

1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಟಿಪ್ಪು ಮಾಡಿಕೊಂಡದ್ದು "ಮೊದಲಿದ್ದಂತೆ" ಎನ್ನುವ ಬಗೆಯ ಒಪ್ಪಂದ. ಗೆದ್ದ ಜಾಗ ವಾಪಸ್, ಹಿಡಿದ ಕೈದಿಗಳು ವಾಪಸ್. ಕಂಪನಿಯ ಪ್ರತಿನಿಧಿಗಳು ಟಿಪ್ಪುವಿನ ಬಿಡಾರಕ್ಕೆ ಬಂದು ಸಹಿ ಹಾಕಿದರು. ಮೈಸೂರಿಗೆ ಅದು ಹೆಮ್ಮೆಯ ದಿನ, ಕಂಪನಿಯವರಿಗೆ ನುಂಗಲಾರದ ತುತ್ತು. ಜಗಳದ ಮೂಲ ಹಾಗೆಯೇ ಉಳಿಯಿತು. 1790ರ ಹೊತ್ತಿಗೆ ಮತ್ತೆ ಸೇನೆಗಳು ಹೊರಟಿದ್ದವು.

ಮೂರನೆಯದರ ಬಳಿ ಸ್ವಲ್ಪ ನಿಲ್ಲಬೇಕು. 1792ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಹೇರಿದ ಷರತ್ತುಗಳನ್ನು ನೋಡಿ: ರಾಜ್ಯದ ಅರ್ಧ ಭಾಗ ಕಂಪನಿ, ಮರಾಠರು, ನಿಜಾಮ ಈ ಮೂವರಿಗೆ, 3 ಕೋಟಿ 30 ಲಕ್ಷ ರೂಪಾಯಿ ದಂಡ, ಆ ಹಣ ತೀರುವವರೆಗೆ ಟಿಪ್ಪುವಿನ ಇಬ್ಬರು ಗಂಡುಮಕ್ಕಳು ಒತ್ತೆ. ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಇನ್ನೂ ಹತ್ತು ವರ್ಷದ ಆಸುಪಾಸಿನ ಹುಡುಗರು. ಕಾರ್ನ್‌ವಾಲಿಸ್ ಅವರನ್ನು ಬಿಡಾರದಲ್ಲಿ ಕೈಹಿಡಿದು ಬರಮಾಡಿಕೊಳ್ಳುವ ದೃಶ್ಯವನ್ನು ಆಮೇಲೆ ಎಷ್ಟೋ ಇಂಗ್ಲಿಷ್ ಚಿತ್ರಕಾರರು ಬರೆದರು. ಅವುಗಳಲ್ಲಿ ಗೆದ್ದವನ ಔದಾರ್ಯ ಎದ್ದು ಕಾಣುತ್ತದೆ. ಆದರೆ ಮಕ್ಕಳನ್ನು ಒಪ್ಪಿಸಿದ ತಂದೆ ಕೋಟೆಯೊಳಗೆ ಬದುಕಿದ್ದ. ಅವನ ಕೈಯಲ್ಲಿ ಅರ್ಧ ರಾಜ್ಯವೂ ಸೇನೆಯೂ ಉಳಿದಿದ್ದವು. ದಂಡ ತೀರಿತು, 1794ರಲ್ಲಿ ಮಕ್ಕಳು ಮರಳಿದರು. ಅವಮಾನ ಮಾತ್ರ ತೀರಲಿಲ್ಲ. ಸೋತವನು ಸೇಡು ಮರೆಯದಷ್ಟು ಕಠಿಣ, ಅವನು ಮತ್ತೆ ಏಳಲಾಗದಷ್ಟು ಕಠಿಣವಲ್ಲ: ಸಂಧಿಗಳಲ್ಲೆಲ್ಲ ಅತ್ಯಂತ ಅಪಾಯಕಾರಿ ಅಳತೆ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ವರ್ಸೇಲ್ಸಿನಲ್ಲಿ ಯುರೋಪು ಇದೇ ಅಳತೆಯನ್ನು ಹಿಡಿಯಿತು.

ನಾಲ್ಕನೆಯದು ಎದುರಾಳಿಯನ್ನೇ ಇಲ್ಲವಾಗಿಸಿದ ಮುಕ್ತಾಯ. 1799ರ ಮೇ 4ರಂದು ಟಿಪ್ಪು ಮಡಿದ. ರಾಜ್ಯ ಹಂಚಿಹೋಯಿತು. ಉಳಿದ ಭಾಗದ ಗದ್ದುಗೆಯಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕೂರಿಸಿ, ಟಿಪ್ಪುವಿನ ಬಳಿಯೇ ಅಧಿಕಾರಿಯಾಗಿದ್ದ ಪೂರ್ಣಯ್ಯನವರನ್ನು ದಿವಾನರನ್ನಾಗಿ ಮುಂದುವರಿಸಿದರು. ರಕ್ಷಣೆಯ ಹೆಸರಿನಲ್ಲಿ ಕಂಪನಿಯ ಸೇನೆ ಇಲ್ಲಿ ಬೀಡುಬಿಟ್ಟಿತು, ಅದರ ಖರ್ಚಿಗೆ ವರ್ಷಕ್ಕೆ 7 ಲಕ್ಷ ವರಹವನ್ನು ಮೈಸೂರೇ ಕೊಡಬೇಕಾಯಿತು. ಆ ಸೇನೆ 1809ರಲ್ಲಿ ಬೆಂಗಳೂರಿಗೆ ನೆಲೆ ಬದಲಿಸಿದ್ದರಿಂದ ನಮ್ಮ ದಂಡುಪ್ರದೇಶ ಹುಟ್ಟಿತು. ದಂಡು ರೈಲು ನಿಲ್ದಾಣದ ಹೆಸರಿನೊಳಗೆ ಒಂದು ಸಂಧಿಯ ಕಾವಲುಖರ್ಚು ಅಡಗಿದೆ ಎಂದರೆ ವಿದ್ಯಾರ್ಥಿಗಳು ಮೊದಲು ನಂಬುವುದಿಲ್ಲ. ಐದನೆಯ ಯುದ್ಧವಂತೂ ನಡೆಯಲಿಲ್ಲ. ಅದಕ್ಕೆ ತೆತ್ತ ಬೆಲೆ ಸ್ವಾತಂತ್ರ್ಯ: 1831ರಲ್ಲಿ ಆಡಳಿತವೇ ಬ್ರಿಟಿಷರ ಕೈಗೆ ಹೋಯಿತು, ಒಡೆಯರಿಗೆ ಮರಳಿದ್ದು 1881ರಲ್ಲಿ.

ವಿಯೆನ್ನಾ, ವರ್ಸೇಲ್ಸ್

ಇವೆರಡರ ಹೋಲಿಕೆ ಹಳೆಯದೇ. ಆದರೂ ಅದನ್ನು ತಪ್ಪಾಗಿ ಹೇಳುವವರು ಹೆಚ್ಚು. "ವಿಯೆನ್ನಾ ಮೃದು, ಆದ್ದರಿಂದ ಗೆದ್ದಿತು, ವರ್ಸೇಲ್ಸ್ ಕಠೋರ, ಆದ್ದರಿಂದ ಸೋತಿತು" ಎನ್ನುವುದು ಪರೀಕ್ಷೆಗೆ ಸಾಕಾಗುವ ಉತ್ತರ. ಮೇಜಿಗೆ ಕೂರುವವರಿಗೆ ಸಾಲದು.

ನೆಪೋಲಿಯನ್ನನ ಕಾಲದಲ್ಲಿ ಯುರೋಪನ್ನು ನಡುಗಿಸಿದ ಫ್ರಾನ್ಸಿನ ಪ್ರತಿನಿಧಿಯಾಗಿ 1814ರ ಸೆಪ್ಟೆಂಬರಿನಲ್ಲಿ ತಾಲೆರಾಂ ವಿಯೆನ್ನಾಕ್ಕೆ ಬಂದ. ಸೋತ ದೇಶಕ್ಕೆ ಕುರ್ಚಿ ಸಿಕ್ಕಿತು. ಅದಕ್ಕೂ ಮುಂಚೆ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಆದ ಒಪ್ಪಂದದಲ್ಲಿ ಫ್ರಾನ್ಸಿಗೆ 1792ರ ಗಡಿ ಉಳಿದಿತ್ತು, ದಂಡ ಇರಲಿಲ್ಲ. ಪೋಲೆಂಡ್ ಮತ್ತು ಸ್ಯಾಕ್ಸನಿಯ ವಿಷಯದಲ್ಲಿ ಗೆದ್ದವರೇ ಬಡಿದಾಡುವ ಹಂತಕ್ಕೆ ಬಂದಾಗ, 1815ರ ಜನವರಿ 3ರಂದು ಬ್ರಿಟನ್ ಮತ್ತು ಆಸ್ಟ್ರಿಯಾ ಈ ಸೋತ ಫ್ರಾನ್ಸಿನ ಜೊತೆಗೇ ಗುಟ್ಟಾಗಿ ಒಪ್ಪಂದ ಮಾಡಿಕೊಂಡವು. ವರ್ಷವೂ ತುಂಬಿರಲಿಲ್ಲ, ಶತ್ರು ಬೇಕಾದವನಾಗಿದ್ದ.

ಆಮೇಲೆ ನೆಪೋಲಿಯನ್ ತನ್ನನ್ನು ಗಡಿಪಾರು ಮಾಡಿದ್ದ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬಂದ, ವಾಟರ್ಲೂನಲ್ಲಿ ಮತ್ತೆ ಸೋತ. ಈ ಸಲ ಷರತ್ತುಗಳು ಬಿಗಿಯಾದವು: 70 ಕೋಟಿ ಫ್ರಾಂಕ್ ದಂಡ, ಗಡಿ 1790ಕ್ಕೆ, ಫ್ರಾನ್ಸಿನ ನೆಲದಲ್ಲಿ 1,50,000 ಪರದೇಶಿ ಸೈನಿಕರು, ಐದು ವರ್ಷದವರೆಗೆ. ಇದನ್ನು ಮೃದು ಎನ್ನಲಾದೀತೇ? ನನ್ನ ದೃಷ್ಟಿಯಲ್ಲಿ ವಿಯೆನ್ನಾದ ಗುಟ್ಟು ಬೇರೆಡೆ ಇದೆ. ಶಿಕ್ಷೆಗೆ ಕೊನೆಯ ದಿನ ಬರೆದಿತ್ತು, ಹೊರಬರುವ ಬಾಗಿಲು ಎಲ್ಲಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಹಣ ಕಟ್ಟುವ ವ್ಯವಸ್ಥೆಯನ್ನು ಫ್ರಾನ್ಸ್ ಬೇಗ ಮಾಡಿತು. ಐದರ ಬದಲು ಮೂರೇ ವರ್ಷಕ್ಕೆ, 1818ರಲ್ಲಿ, ಪರದೇಶಿ ಸೇನೆ ಹೊರಟುಹೋಯಿತು. ಅದೇ ವರ್ಷ ಫ್ರಾನ್ಸನ್ನು ಮಹಾಶಕ್ತಿಗಳ ಕೂಟಕ್ಕೆ ಸೇರಿಸಿಕೊಂಡರು. ಒಪ್ಪಂದ ಮುರಿದರೆ ಕಳೆದುಕೊಳ್ಳುವಂಥ ಮರ್ಯಾದೆಯ ಸ್ಥಾನ ಅದಕ್ಕೆ ದೊರಕಿತು.

ವರ್ಸೇಲ್ಸ್ ಒಪ್ಪಂದದ ಸಮ್ಮೇಳನ 1919ರ ಜನವರಿ 18ರಂದು ಪ್ಯಾರಿಸ್‌ನಲ್ಲಿ ಶುರುವಾಯಿತು. ಜರ್ಮನರನ್ನು ಕರೆಸಿದ್ದು ಮೇ 7ರಂದು, ಸಿದ್ಧವಾದ ದಪ್ಪ ಪುಸ್ತಕವನ್ನು ಕೈಗಿಡಲು. ಬಾಯಿಮಾತಿನ ಚರ್ಚೆ ಇಲ್ಲ, ಉತ್ತರವನ್ನು ಬರವಣಿಗೆಯಲ್ಲೇ ಕೊಡಬೇಕು ಎಂದರು. ಜರ್ಮನಿಯ ವಿದೇಶಾಂಗ ಮಂತ್ರಿ ಬ್ರಾಕ್‌ಡಾರ್ಫ್ ರಾಂಟ್ಸೌ ಕುಳಿತಲ್ಲಿಂದಲೇ, ಎದ್ದುನಿಲ್ಲದೆ ಉತ್ತರ ಓದಿದ. ಗೆದ್ದವರು ಅದನ್ನು ಅಹಂಕಾರ ಎಂದುಕೊಂಡರು. ಸಹಿ ಬಿದ್ದದ್ದು ಜೂನ್ 28ರಂದು, ವರ್ಸೇಲ್ಸ್ ಅರಮನೆಯ ಕನ್ನಡಿಗಳ ಸಭಾಂಗಣದಲ್ಲಿ. 1871ರಲ್ಲಿ ಫ್ರಾನ್ಸನ್ನು ಸೋಲಿಸಿ ಜರ್ಮನ್ ಸಾಮ್ರಾಜ್ಯವನ್ನು ಘೋಷಿಸಿದ್ದು ಇದೇ ಕೋಣೆಯಲ್ಲಿ. ಲೆಕ್ಕ ಚುಕ್ತಾ ಮಾಡಲೆಂದೇ ಆ ಜಾಗವನ್ನು ಆರಿಸಿದ್ದರು. ಭಾರತದ ಹೆಸರಿನಲ್ಲಿ ಬ್ರಿಟಿಷ್ ಮಂತ್ರಿ ಮಾಂಟೆಗು ಮತ್ತು ಬಿಕಾನೇರಿನ ಮಹಾರಾಜ ಗಂಗಾಸಿಂಗ್ ಸಹಿ ಹಾಕಿದರು. ಅದೇ ಯುದ್ಧದಲ್ಲಿ ಪ್ಯಾಲೆಸ್ಟೀನಿನ ಹೈಫಾದಲ್ಲಿ 1918ರ ಸೆಪ್ಟೆಂಬರ್ 23ರಂದು ಕಾದಾಡಿದ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಆ ದಳದ ಸವಾರರ ಊರುಗಳ ಅಭಿಪ್ರಾಯವನ್ನು ಪ್ಯಾರಿಸ್‌ನಲ್ಲಿ ಯಾರೂ ಕೇಳಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ವರ್ಸೇಲ್ಸ್ ಮುರಿದದ್ದಕ್ಕೆ ದಂಡದ ಮೊತ್ತವೊಂದನ್ನೇ ದೂರುವುದು ಸರಿಯಲ್ಲ. 1921ರಲ್ಲಿ ನಿಗದಿಯಾದ 13,200 ಕೋಟಿ ಚಿನ್ನದ ಮಾರ್ಕ್ ದೊಡ್ಡ ಮೊತ್ತವೇ. ಆದರೆ 1871ರಲ್ಲಿ ಜರ್ಮನಿಯೂ ಫ್ರಾನ್ಸಿನ ಮೇಲೆ 500 ಕೋಟಿ ಫ್ರಾಂಕ್ ಹೇರಿತ್ತು, ಫ್ರಾನ್ಸ್ ಅದನ್ನು 1873ರೊಳಗೆ ಕಟ್ಟಿ ಮುಗಿಸಿತು. ವರ್ಸೇಲ್ಸಿನಲ್ಲಿ ಸಹಿ ಹಾಕುವ ದಿನ ಮೊತ್ತವನ್ನೇ ಬರೆದಿರಲಿಲ್ಲ. ಎಷ್ಟು ಕಟ್ಟಬೇಕು, ಎಂದಿಗೆ ಮುಗಿಯುತ್ತದೆ ಎಂದು ಗೊತ್ತಿಲ್ಲದ ಸಾಲ ಅದು. ಜೊತೆಗೆ 231ನೆಯ ಕಲಮು ಯುದ್ಧದ ಎಲ್ಲ ನಷ್ಟದ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ತಲೆಗೆ ಕಟ್ಟಿತ್ತು. ಹಣ ಕೊಡುವುದು ಒಂದು, ತಪ್ಪೊಪ್ಪಿಗೆಗೆ ಸಹಿ ಹಾಕಿ ಹಣ ಕೊಡುವುದು ಇನ್ನೊಂದು.

ಎರಡನೆಯ ಪ್ರಶ್ನೆಯಲ್ಲಿ ವರ್ಸೇಲ್ಸ್ ಇನ್ನೂ ಕೆಟ್ಟದಾಗಿ ಸೋತಿತು. ಅಮೆರಿಕದ ಸೆನೆಟ್ ಒಪ್ಪಂದವನ್ನೇ ಅಂಗೀಕರಿಸಲಿಲ್ಲ. ಫ್ರಾನ್ಸಿಗೆ ಕೊಟ್ಟಿದ್ದ ಬ್ರಿಟಿಷ್ ಮತ್ತು ಅಮೆರಿಕನ್ ಭದ್ರತೆಯ ಭರವಸೆ ಅದರೊಂದಿಗೇ ಬಿದ್ದುಹೋಯಿತು. ಜರ್ಮನಿಯ ಪಶ್ಚಿಮ ಗಡಿಭಾಗವಾದ ರೈನ್ ಪ್ರದೇಶದಲ್ಲಿ 1935ರವರೆಗೆ ಇರಬೇಕಿದ್ದ ಗೆದ್ದವರ ಸೇನೆ 1930ರಲ್ಲೇ ಹೊರಟಿತು. 1936ರ ಮಾರ್ಚ್ 7ರಂದು ಹಿಟ್ಲರನ ಸೈನಿಕರು ಅಲ್ಲಿಗೆ ನುಗ್ಗಿದಾಗ ತಡೆಯಲು ಒಬ್ಬನೂ ಬರಲಿಲ್ಲ. ಮನಸ್ಸು ಗೆಲ್ಲುವ ಔದಾರ್ಯವೂ ಇಲ್ಲ, ಕೈಕಟ್ಟುವ ಶಕ್ತಿಯೂ ಇಲ್ಲ. ಶ್ರೀರಂಗಪಟ್ಟಣದ 1792ರ ಅಳತೆಯೇ.

ವಿಯೆನ್ನಾವನ್ನೂ ಹೊಗಳಿ ಬಿಟ್ಟುಬಿಡಬಾರದು. ಅಲ್ಲಿ ಕುರ್ಚಿ ಇದ್ದದ್ದು ದೊರೆಗಳಿಗೆ ಮತ್ತು ಅವರ ಮಂತ್ರಿಗಳಿಗೆ. ಪೋಲರು, ಇಟಲಿಯವರು, ಬೆಲ್ಜಿಯನ್ನರು ನಕ್ಷೆಯ ಮೇಲಿನ ಬಣ್ಣಗಳಾಗಿದ್ದರು. ನೆದರ್ಲ್ಯಾಂಡ್ಸಿಗೆ ಅಂಟಿಸಿದ್ದ ಬೆಲ್ಜಿಯಂ 1830ರಲ್ಲಿ ಸಿಡಿದು ಬೇರೆಯಾಯಿತು. ಪಾಲಿಗೆ ಹಕ್ಕಿರುವ ತಮ್ಮನನ್ನು ಕರೆಯದೆ ಬರೆದ ಪಾರೀಖತ್ತು ಎಂದಾದರೊಂದು ದಿನ ಕೋರ್ಟಿಗೆ ಬಂದೇ ಬರುತ್ತದೆ.

ಒಂದೇ ಸೋಲು, ಎರಡು ಸಂಧಿ

ತುರ್ಕಿಯ ಪ್ರಕರಣವನ್ನು ಪಠ್ಯಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಹೇರಿದ ಸಂಧಿ, ಕೂತು ಮಾತಾಡಿದ ಸಂಧಿ ಎರಡನ್ನೂ ಒಂದೇ ದೇಶದಲ್ಲಿ ನೋಡಲು ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. 1920ರ ಆಗಸ್ಟ್ 10ರಂದು ಸೇವ್ರ್ ಒಪ್ಪಂದ ಮೊದಲನೇ ಮಹಾಯುದ್ಧದಲ್ಲಿ ಸೋತ ತುರ್ಕರ ಆಟೊಮನ್ ಸಾಮ್ರಾಜ್ಯವನ್ನು ಹರಿದು ಹಂಚಿತು. ನಮ್ಮಲ್ಲಿ ಖಿಲಾಫತ್ ಚಳವಳಿ ಕಾವೇರಿದ್ದಕ್ಕೆ ಇದೂ ಒಂದು ಕಾರಣ. ಮುಸ್ತಫಾ ಕೆಮಾಲರ ಕಡೆಯವರು ಅದನ್ನು ಒಪ್ಪದೆ ಹೋರಾಡಿದರು, ಅದು ಎಂದೂ ಜಾರಿಗೆ ಬರಲಿಲ್ಲ. 1922ರ ನವೆಂಬರಿನಲ್ಲಿ ಲೊಸಾನ್‌ನಲ್ಲಿ ಹೊಸ ಮಾತುಕತೆ ಶುರು. ತುರ್ಕಿಯ ಇಸ್ಮತ್ ಪಾಷಾಗೆ ಕಿವಿ ಮಂದ. ಬ್ರಿಟನ್ನಿನ ಕರ್ಜನ್, ಬಂಗಾಳವನ್ನು ಒಡೆದ ಅದೇ ಕರ್ಜನ್, ಉದ್ದುದ್ದ ಭಾಷಣ ಮಾಡಿದಾಗಲೆಲ್ಲ ಆತ ಸುಮ್ಮನೆ ಕುಳಿತಿದ್ದು ಮತ್ತೆ ತನ್ನ ಬೇಡಿಕೆಯನ್ನೇ ಮೊದಲಿನಿಂದ ಹೇಳುತ್ತಿದ್ದ. ಫೆಬ್ರುವರಿಯಲ್ಲಿ ಮಾತುಕತೆ ಮುರಿಯಿತು, ಏಪ್ರಿಲ್‌ನಲ್ಲಿ ಮತ್ತೆ ಕೂಡಿತು. 1923ರ ಜುಲೈ 24ರಂದು ಸಹಿಯಾದ ಆ ಒಪ್ಪಂದ ಇಂದಿಗೂ ನಿಂತಿದೆ.

ನಿಂತಿದೆ ಎಂದು ಸಂತೋಷಪಡುವ ಮುನ್ನ ಅದರ ಬೆಲೆಯನ್ನೂ ಬರೆದುಕೊಳ್ಳಿ. ಗ್ರೀಸ್ ಮತ್ತು ತುರ್ಕಿಯ ನಡುವೆ ಕಡ್ಡಾಯ ಜನವಿನಿಮಯಕ್ಕೆ ಅಲ್ಲಿ ಒಪ್ಪಿಗೆಯಾಯಿತು. ಧರ್ಮದ ಆಧಾರದ ಮೇಲೆ ಸುಮಾರು ಹದಿನೈದು ಲಕ್ಷ ಜನ ಹುಟ್ಟಿದ ಊರು ಬಿಟ್ಟರು. ಸೇವ್ರ್‌ನಲ್ಲಿ ಕುರ್ದರಿಗೂ ಆರ್ಮೇನಿಯನ್ನರಿಗೂ ಕೊಟ್ಟಿದ್ದ ಮಾತು ಲೊಸಾನ್‌ನಲ್ಲಿ ಕಾಣೆಯಾಯಿತು. ಬಾಳಿಕೆ ಬಂದ ಸಂಧಿ ನ್ಯಾಯದ ಸಂಧಿಯೂ ಆಗಿರಬೇಕೆಂದಿಲ್ಲ. ಇವೆರಡನ್ನು ಬೇರೆಬೇರೆಯಾಗಿ ಅಳೆಯುವ ಅಭ್ಯಾಸ ಮೇಜಿಗೆ ಕೂರುವವರಿಗೆ ಇರಲೇಬೇಕು.

ಬೇಷರತ್ ಶರಣಾಗತಿ

1943ರ ಜನವರಿಯಲ್ಲಿ ಕಾಸಾಬ್ಲಾಂಕಾದಲ್ಲಿ ರೂಸ್‌ವೆಲ್ಟ್ ಬೇಷರತ್ ಶರಣಾಗತಿಯೇ ಗುರಿ ಎಂದು ಸಾರಿದರು. ಜರ್ಮನಿಯೂ ಜಪಾನೂ ಹಾಗೆಯೇ ಶರಣಾದವು, ಮತ್ತೆ ಯುದ್ಧಕ್ಕೆ ಇಳಿಯಲಿಲ್ಲ. ಹಾಗಾಗಿ ವಿದ್ಯಾರ್ಥಿಗಳಿಗೆ ಈ ದಾರಿಯ ಮೇಲೆ ಬಹಳ ಮೋಹ. ನಾನು ಅವರಿಗೆ ಖರ್ಚಿನ ಪಟ್ಟಿ ತೋರಿಸುತ್ತೇನೆ. ಜಪಾನಿನಲ್ಲಿ 1952ರ ಏಪ್ರಿಲ್ 28ರವರೆಗೆ ಪರದೇಶಿ ಆಡಳಿತ ಇತ್ತು. 1948ರಿಂದ ಮಾರ್ಷಲ್ ಯೋಜನೆಯಲ್ಲಿ ಅಮೆರಿಕ ಪಶ್ಚಿಮ ಯುರೋಪಿಗೆ ಸುಮಾರು 1,300 ಕೋಟಿ ಡಾಲರ್ ಸುರಿಯಿತು, ಪಶ್ಚಿಮ ಜರ್ಮನಿಗೂ ಪಾಲು ಸಿಕ್ಕಿತು. 1953ರಲ್ಲಿ ಲಂಡನ್‌ನಲ್ಲಿ ಆದ ಒಪ್ಪಂದ ಅದರ ಸಾಲವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಜರ್ಮನಿಯ ಅಂತಿಮ ಒಪ್ಪಂದಕ್ಕೆ ಸಹಿ ಬಿದ್ದದ್ದು 1990ರ ಸೆಪ್ಟೆಂಬರ್ 12ರಂದು, ಶರಣಾಗತಿಯಾಗಿ 45 ವರ್ಷಗಳ ಮೇಲೆ. ಗೆದ್ದವರು ಅಷ್ಟು ಕಾಲ ಇರಲು, ಅಷ್ಟು ಖರ್ಚು ಮಾಡಲು ಸಿದ್ಧರಿದ್ದರೆ ಮಾತ್ರ ಈ ದಾರಿ. ಗೆಲ್ಲುವ ಉತ್ಸಾಹ ಇದ್ದು ಉಳಿಯುವ ತಾಳ್ಮೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇರಾಕ್ ಇದೆ: 2003ರ ಮೇ ತಿಂಗಳಲ್ಲಿ ಅಮೆರಿಕದವರು ಅಲ್ಲಿಯ ಸೇನೆಯನ್ನೇ ವಿಸರ್ಜಿಸಿ ಲಕ್ಷಾಂತರ ಜನರನ್ನು, ಅವರಲ್ಲಿ ಬಂದೂಕು ಹಿಡಿದು ಪಳಗಿದವರನ್ನು, ಸಂಬಳವಿಲ್ಲದೆ ಮನೆಗೆ ಕಳಿಸಿದರು. ಕಳೆದುಕೊಳ್ಳಲು ಅವರ ಬಳಿ ಏನೂ ಉಳಿಯಲಿಲ್ಲ.

ಜಪಾನಿನ ವಿಷಯದಲ್ಲಿ ಭಾರತ ತೆಗೆದುಕೊಂಡ ನಿಲುವನ್ನು ನಮ್ಮವರೇ ಮರೆತಿದ್ದಾರೆ. 1951ರ ಸ್ಯಾನ್ ಫ್ರಾನ್ಸಿಸ್ಕೋ ಸಮ್ಮೇಳನಕ್ಕೆ ಭಾರತ ಹೋಗಲಿಲ್ಲ. 1952ರ ಜೂನ್ 9ರಂದು ಬೇರೆಯಾಗಿಯೇ ಒಪ್ಪಂದ ಮಾಡಿಕೊಂಡು ಯುದ್ಧ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟಿತು. ಬಡತನದಲ್ಲಿದ್ದ ದೇಶವೊಂದು ಹೀಗೆ ನಡೆದುಕೊಂಡದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಗೆರೆ ಎಳೆದು ನಿಲ್ಲಿಸುವುದು

ಕೊರಿಯಾದಲ್ಲಿ ಮಾತುಕತೆ 1951ರ ಜುಲೈಯಲ್ಲಿ ಶುರುವಾಗಿ 1953ರ ಜುಲೈ 27ರಂದು ಕದನ ವಿರಾಮದಲ್ಲಿ ಮುಗಿಯಿತು. ಆ ಎರಡು ವರ್ಷಗಳಲ್ಲಿ ಗಡಿ ಹೆಚ್ಚು ಸರಿಯಲಿಲ್ಲ, ಹೆಣಗಳು ಬೀಳುತ್ತಲೇ ಇದ್ದವು. ಮಾತು ಸಿಕ್ಕಿಹಾಕಿಕೊಂಡಿದ್ದು ಮುಖ್ಯವಾಗಿ ಒಂದೇ ಕಡೆ: ತಾಯ್ನಾಡಿಗೆ ಮರಳಲು ಒಲ್ಲೆ ಎನ್ನುವ ಯುದ್ಧಕೈದಿಗಳನ್ನು ಏನು ಮಾಡುವುದು? ಕೊನೆಗೆ ಐದು ತಟಸ್ಥ ದೇಶಗಳ ಆಯೋಗವೊಂದನ್ನು ಮಾಡಿ ಭಾರತಕ್ಕೆ ಅಧ್ಯಕ್ಷತೆ ಕೊಟ್ಟರು. ಆ ಅಧ್ಯಕ್ಷರು ಕೊಡಗಿನ ಕೆ.ಎಸ್. ತಿಮ್ಮಯ್ಯ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು. 22,000ಕ್ಕೂ ಹೆಚ್ಚು ಕೈದಿಗಳು ಭಾರತೀಯ ಕಾವಲು ಪಡೆಯ ವಶಕ್ಕೆ ಬಂದರು. ಎರಡೂ ಕಡೆಯವರ ಆಪಾದನೆ ಕೇಳಿಸಿಕೊಳ್ಳುತ್ತಾ ಒಬ್ಬೊಬ್ಬ ಕೈದಿಯ ಇಚ್ಛೆಯನ್ನು ವಿಚಾರಿಸುವ ಕೆಲಸ ಅದು. ಎರಡೂ ಕಡೆ ಬೇಡವೆಂದ 88 ಮಂದಿ ಭಾರತದ ಪಡೆಯೊಂದಿಗೇ ಹಡಗು ಹತ್ತಿದರು. ಸಂಧಿಯ ಬಗ್ಗೆ ಮಾತಾಡುವಾಗ ಗಡಿಗೆರೆಗಳನ್ನು ಎಳೆದವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಆ ಗೆರೆಯ ಮೇಲೆ ನಿಂತು ಮನುಷ್ಯರನ್ನು ದಾಟಿಸಿದ ಕನ್ನಡನಾಡಿನವರೊಬ್ಬರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಲಿ.

ಕೊರಿಯಾದಲ್ಲಿ ಇಂದಿಗೂ ಶಾಂತಿ ಒಪ್ಪಂದವಾಗಿಲ್ಲ. ನಾಲ್ಕು ಕಿಲೋಮೀಟರ್ ಅಗಲದ ನಿಶ್ಶಸ್ತ್ರ ಪಟ್ಟಿಯ ಎರಡೂ ಬದಿಗೆ ಸೇನೆಗಳಿವೆ, ದಕ್ಷಿಣದಲ್ಲಿ ಅಮೆರಿಕದ ಸೈನಿಕರು ಇದ್ದಾರೆ. ಆದರೂ ಈ ದಾರಿಯನ್ನು ಹಗುರವಾಗಿ ತಳ್ಳಿಹಾಕಬೇಡಿ. ಯಾರೂ ಗೆಲ್ಲದ ಯುದ್ಧದಲ್ಲಿ, ಇಬ್ಬರೂ ತಮ್ಮ ಹಕ್ಕುಸಾಧನೆಯನ್ನು ಬಿಡಲೊಲ್ಲದಾಗ, ಸಾವು ನಿಲ್ಲಿಸಲು ಇದೊಂದೇ ಬಾಗಿಲು ತೆರೆದಿರಬಹುದು. ಒಡೆದ ಕುಟುಂಬಗಳು ಒಡೆದೇ ಉಳಿಯುತ್ತವೆ ಎಂಬುದನ್ನು ಮಾತ್ರ ಕಣ್ಣುಬಿಟ್ಟು ಒಪ್ಪಿಕೊಳ್ಳಬೇಕು.

ಮೂರನೆಯವರ ಮಧ್ಯಸ್ಥಿಕೆ

1978ರ ಸೆಪ್ಟೆಂಬರಿನಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಹದಿಮೂರು ದಿನ. ಈಜಿಪ್ಟಿನ ಸಾದತ್, ಇಸ್ರೇಲಿನ ಬೆಗಿನ್ ಆರಂಭದ ದಿನಗಳಲ್ಲೇ ಎದುರುಬದುರು ಕೂತು ಜಗಳವಾಡಿದ ಮೇಲೆ, ಅಮೆರಿಕದ ಅಧ್ಯಕ್ಷ ಕಾರ್ಟರ್ ಒಂದೇ ಕರಡನ್ನು ಇಬ್ಬರ ಬಿಡಾರಗಳಿಗೂ ಹೊತ್ತು ತಿರುಗಿದರು. ತಿದ್ದಿದ ಕರಡುಗಳು ಇಪ್ಪತ್ತಕ್ಕೂ ಹೆಚ್ಚು. ಕೊನೆಯ ದಿನ ಬೆಗಿನ್ ಹೊರಟುನಿಂತಾಗ ಕಾರ್ಟರ್, ಬೆಗಿನ್‌ರ ಮೊಮ್ಮಕ್ಕಳ ಹೆಸರನ್ನು ಒಂದೊಂದಾಗಿ ಬರೆದ ಭಾವಚಿತ್ರಗಳನ್ನು ಕೈಗೆ ಕೊಟ್ಟರು. ಬೆಗಿನ್ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾ ಕಣ್ಣೀರು ತಂದುಕೊಂಡರು. ಆಮೇಲೆ ಮಾತು ಮುಂದುವರಿಯಿತು. 1979ರಲ್ಲಿ ಸಹಿಯಾದ ಒಪ್ಪಂದದಂತೆ 1982ರ ಏಪ್ರಿಲ್ ವೇಳೆಗೆ ಸಿನಾಯ್ ಈಜಿಪ್ಟಿಗೆ ಮರಳಿತು. ಸಾದತ್ 1981ರಲ್ಲಿ ಅದಕ್ಕೆ ಪ್ರಾಣ ತೆತ್ತರು, ಒಪ್ಪಂದ ಉಳಿಯಿತು. ಕ್ಯಾಂಪ್ ಡೇವಿಡ್‌ನಲ್ಲಿ ಪ್ಯಾಲೆಸ್ಟೀನಿಯರ ಬಗ್ಗೆ ಬರೆದ ಭಾಗ ಕೈಗೂಡಲಿಲ್ಲ. ಅವರು ಮೇಜಿನಲ್ಲಿರಲಿಲ್ಲ.

1995ರ ನವೆಂಬರಿನಲ್ಲಿ ಬೋಸ್ನಿಯಾಗಾಗಿ ಅಮೆರಿಕದ ಡೇಟನ್‌ನ ವಾಯುನೆಲೆಯಲ್ಲಿ ಕೂಡಿದಾಗ ಗೊರಾಜ್ದೆ ಪಟ್ಟಣದ ದಾರಿ ಎಷ್ಟು ಅಗಲ ಇರಬೇಕೆಂಬುದನ್ನು ಕಂಪ್ಯೂಟರ್ ನಕ್ಷೆಯಲ್ಲಿ ಬೆಟ್ಟಗಳ ಮೇಲೆ ಹಾರಿಹೋದಂತೆ ತೋರಿಸಿ ತೀರ್ಮಾನಿಸಿದರು. ಕೊನೆಗೆ ನೆಲ ಬೋಸ್ನಿಯಾಕ್ ಮತ್ತು ಕ್ರೊಯಾಟರ ಒಕ್ಕೂಟಕ್ಕೆ ಶೇಕಡ 51, ಸರ್ಬರಿಗೆ ಶೇಕಡ 49 ಎಂದು ಹಂಚಿಕೆಯಾಯಿತು. ಅದನ್ನು ಕಾಯಲು ನೇಟೋದ ಸುಮಾರು 60,000 ಸೈನಿಕರು ಬಂದರು. ಕೊಲೆಗಳು ನಿಂತವು, ಅದೇನು ಸಣ್ಣ ಮಾತಲ್ಲ. ಆದರೆ ಒಪ್ಪಂದಕ್ಕೇ ಸಂವಿಧಾನವನ್ನು ಲಗತ್ತಿಸಿ, ಮೂರು ಸಮುದಾಯಗಳಿಗೆ ಮೂವರು ಅಧ್ಯಕ್ಷರನ್ನು ಕೊಟ್ಟ ಆ ವ್ಯವಸ್ಥೆ ಇಂದಿಗೂ ಕುಂಟುತ್ತಿದೆ.

ನಮ್ಮ ದೇಶದ ಎರಡು ಅನುಭವಗಳನ್ನು ಪಕ್ಕದಲ್ಲಿಡಿ. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಸೋವಿಯತ್ ಪ್ರಧಾನಿ ಕೊಸಿಗಿನ್ ಮಧ್ಯಸ್ಥಿಕೆಯಲ್ಲಿ ಪಾಕಿಸ್ತಾನದೊಂದಿಗೆ ಆದದ್ದು ಮಂಗಳೂರಿನ 1784ರ ಬಗೆಯದು: ಹಿಂದಿನ ಆಗಸ್ಟ್ 5ರ ಗೆರೆಗೆ ಎರಡೂ ಸೇನೆಗಳು ವಾಪಸ್. ಶಾಸ್ತ್ರೀಜಿ ಅಲ್ಲೇ ತೀರಿಕೊಂಡರು. 1972ರ ಜುಲೈ 2ರ ಶಿಮ್ಲಾದಲ್ಲಿ ಮಧ್ಯಸ್ಥರೇ ಇರಲಿಲ್ಲ. 1971ರ ಯುದ್ಧ ಗೆದ್ದಿದ್ದ ನಮ್ಮ ಕೈಯಲ್ಲಿ ಸುಮಾರು 93,000 ಕೈದಿಗಳೂ ವಶಪಡಿಸಿಕೊಂಡ ನೆಲವೂ ಇದ್ದವು. ನೆಲ ಹಿಂದಿರುಗಿಸಿದೆವು, ಗಡಿ ನಿಯಂತ್ರಣ ರೇಖೆಯನ್ನು ಗೌರವಿಸುವ ಮಾತು ಪಡೆದೆವು. ಅಂದು ಕಾಶ್ಮೀರದ ವಿಷಯವನ್ನು ಪೂರ್ತಿ ಮುಗಿಸಬೇಕಿತ್ತು ಎಂದು ಇಂದಿಗೂ ಹೇಳುವವರಿದ್ದಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಸೋತು ಹಣ್ಣಾದ ಪಾಕಿಸ್ತಾನದ ಕೈಯಿಂದ ಬರೆಸಿಕೊಂಡ ಕಾಗದಕ್ಕೆ ಶ್ರೀರಂಗಪಟ್ಟಣದ ಗತಿಯೇ ಬರುತ್ತಿತ್ತು ಎಂದು ನನಗನ್ನಿಸುತ್ತದೆ. ಎಲ್ಲ ಕಹಿಯ ನಡುವೆಯೂ ಶಿಮ್ಲಾದಲ್ಲಿ ಒಪ್ಪಿದ ರೇಖೆ ಇಂದಿಗೂ ಅಲ್ಲಿಯೇ ಇದೆ.

ಹಾಗಾದರೆ ಯಾವುದನ್ನು ಆರಿಸುವುದು?

ಗೆಲುವು ಪೂರ್ತಿಯಾಗಿದ್ದು, ಎದುರಾಳಿ ನಾಳೆಯೂ ನೆರೆಯವನಾಗಿಯೇ ಇರುವುದಾದರೆ ನಾನು ವಿಯೆನ್ನಾದ ಕಡೆಗೆ ವಾಲುತ್ತೇನೆ. ಶಿಕ್ಷೆ ಇರಲಿ, ಅದಕ್ಕೆ ಮೊತ್ತವೂ ಮುಗಿಯುವ ದಿನವೂ ಇರಲಿ. ಎದುರಿನ ಆಡಳಿತ ನಾಜಿಗಳಂಥದ್ದಾಗಿದ್ದು, ಅದರೊಂದಿಗೆ ಸಂಧಿ ಎನ್ನುವುದೇ ಅಸಾಧ್ಯವಾದರೆ 1945ರ ದಾರಿ ಹಿಡಿಯಿರಿ, ಮೊದಲೇ ನಿಮ್ಮ ಸಂಸತ್ತಿನಿಂದ ದಶಕಗಳ ಖರ್ಚಿಗೆ ಒಪ್ಪಿಗೆ ಪಡೆದು. ಗೆದ್ದವರು ಯಾರೆಂಬುದೇ ತೀರ್ಮಾನವಾಗದಿದ್ದರೆ ಕೊರಿಯಾದ ಗೆರೆ, ಆದರೆ ಗೆರೆ ಕಾಯುವವರ ಹೆಸರು ಬರೆಯದೆ ಏಳಬೇಡಿ. ಎರಡೂ ಕಡೆಯವರಿಗೆ ತಮ್ಮ ಜನರ ಮುಂದೆ ಮುಖ ಉಳಿಸಿಕೊಳ್ಳುವುದೇ ದೊಡ್ಡ ತೊಡಕಾಗಿದ್ದರೆ ಮಧ್ಯಸ್ಥರನ್ನು ಕರೆಯಿರಿ. ಹಣ, ಸೇನೆ, ತಾಳ್ಮೆ ಈ ಮೂರರಲ್ಲಿ ಒಂದೂ ಇಲ್ಲದ ಮಧ್ಯಸ್ಥರಿಂದ ಪ್ರಯೋಜನವಿಲ್ಲ. ಸುಮ್ಮನೆ "ಮೊದಲಿದ್ದಂತೆ" ಎನ್ನುವ ಸಂಧಿಯನ್ನು ಉಸಿರು ತೆಗೆದುಕೊಳ್ಳಲು ಬಳಸಬಹುದು, ಅದರ ಮೇಲೆ ಮನೆ ಕಟ್ಟಲಾಗದು. 1792ರ, 1919ರ ಅಳತೆಯನ್ನು ಮಾತ್ರ ಯಾವ ಕಾರಣಕ್ಕೂ ಆರಿಸಬೇಡಿ.

ಕರಡು ಬರೆಯುವಾಗ ಕೈದಿಗಳ ಕಲಮನ್ನು ಮೊದಲಿಗೆ ತನ್ನಿ. ಅದನ್ನು ಚೌಕಾಸಿಗೆ ಇಟ್ಟುಕೊಂಡರೆ ಕೊರಿಯಾದಂತೆ ಇಡೀ ಮಾತುಕತೆಯೇ ಹೂತುಹೋಗಬಹುದು. 1971ರ ಕೈದಿಗಳ ವಾಪಸಾತಿ ಮುಗಿದದ್ದೂ 1974ರಲ್ಲಿ, ಶಿಮ್ಲಾದಲ್ಲಿ ಇರದ ಬಾಂಗ್ಲಾದೇಶ ಕೊನೆಗೆ ದೆಹಲಿಯಲ್ಲಿ ಮಾತಿಗೆ ಸೇರಿದ ಮೇಲೆ.

ಮನೆಯಲ್ಲಿ ಒಪ್ಪಿಗೆ ಸಿಗುತ್ತದೆಯೇ ಎಂದೂ ಮೊದಲೇ ನೋಡಿಕೊಳ್ಳಿ. ಅಮೆರಿಕದ ಅಧ್ಯಕ್ಷ ವಿಲ್ಸನ್ ಪ್ಯಾರಿಸ್‌ನಲ್ಲಿ ತಿಂಗಳುಗಟ್ಟಲೆ ಕೂತು ಬರೆಸಿದ್ದನ್ನು ಅವರದೇ ಸೆನೆಟ್ ತಿರಸ್ಕರಿಸಿತು. ಅದು ದೇಶದೇಶಗಳ ನಡುವಿನ ಸಂಧಿ. ಕೊಲಂಬಿಯಾದ್ದು ಒಳಯುದ್ಧ, ಆದರೂ ಅಲ್ಲಿಯ ಪಾಠ ಇಲ್ಲಿಗೂ ಸಲ್ಲುತ್ತದೆ: ಐವತ್ತು ವರ್ಷಗಳ ಹೋರಾಟ ಮುಗಿಸಲು ವರ್ಷಗಟ್ಟಲೆ ಮಾತಾಡಿ ಮಾಡಿದ ಒಪ್ಪಂದ 2016ರ ಅಕ್ಟೋಬರ್ 2ರ ಜನಮತದಲ್ಲಿ ಕೂದಲೆಳೆಯಲ್ಲಿ ಬಿದ್ದುಹೋಯಿತು. ಸರ್ಕಾರ ವಿರೋಧಿಗಳ ಆಕ್ಷೇಪಗಳನ್ನು ಕೇಳಿ, ಕರಡನ್ನು ತಿದ್ದಿ, ನವೆಂಬರ್ ಮುಗಿಯುವುದರೊಳಗೆ ಸಂಸತ್ತಿನಲ್ಲಿ ಒಪ್ಪಿಗೆ ಪಡೆಯಿತು. ಅಧಿವೇಶನಕ್ಕೆ ಹೋಗುವಾಗ ನಿಮ್ಮ ಕರಡಿನ ಜೊತೆಗೆ ಇನ್ನೊಂದು ಹಾಳೆಯನ್ನೂ ತಯಾರಿಸಿಕೊಂಡು ಹೋಗಿ: ನಿಮ್ಮದೇ ದೇಶದಲ್ಲಿ ಈ ಸಂಧಿಯನ್ನು ವಿರೋಧಿಸುವವರು ಯಾರು, ಅವರ ಯಾವ ಮಾತಿನಲ್ಲಿ ಹುರುಳಿದೆ, ಅದಕ್ಕಾಗಿ ಯಾವ ಕಲಮನ್ನು ತಿದ್ದಲು ಸಿದ್ಧರಿದ್ದೀರಿ ಎಂಬುದರ ಪಟ್ಟಿ.